ಹಿಂದೆ ಸರಿಯುವ ವಿದ್ಯೆ

ಇಟ್ಟ ಹೆಜ್ಜೆಯನ್ನು ಹಿಂದೆಗೆಯದವನೇ ವೀರನೆಂದು ನಮ್ಮ ಹಳಗನ್ನಡ ಕಾವ್ಯಗಳೂ ಊರೂರಿನ ವೀರಗಲ್ಲುಗಳೂ ಸಾರುತ್ತ ಬಂದಿವೆ. ತರಗತಿಯಲ್ಲಿ ನಾನೂ ಅದನ್ನೇ ಪಾಠ ಹೇಳುತ್ತ ಬಂದವನು. ಹಿಂದೆ ಸರಿಯುವುದಕ್ಕೂ ಒಂದು ವಿದ್ಯೆ ಬೇಕು, ಎದೆಗಾರಿಕೆಯೂ ಬೇಕು ಎಂಬುದನ್ನು ಮಾತ್ರ ನಾನು ಪುಸ್ತಕದಿಂದ ಕಲಿಯಲಿಲ್ಲ. ಬೆಳ್ತಂಗಡಿ ತಾಲೂಕಿನ ನೆರಿಯದಲ್ಲಿ, ಮುರಕಲ್ಲು ಹೇರಿಕೊಂಡು ಬಂದ ಟ್ರ್ಯಾಕ್ಟರಿನ ಚಾಲಕನೊಬ್ಬನಿಂದ ಕಲಿತೆ.

ನೆರಿಯ ಘಟ್ಟದ ಬುಡದ ಊರು. ಅಲ್ಲಿಯ ಮನೆಗಳು ಬೀದಿಯುದ್ದಕ್ಕೆ ಸಾಲುಗಟ್ಟಿ ನಿಂತವಲ್ಲ. ತೋಟಕ್ಕೊಂದು ಮನೆ, ಮನೆಗೊಂದು ಓಣಿ. ಓಣಿಯ ಒಂದು ಮಗ್ಗುಲಿಗೆ ಗುಡ್ಡ ಕಡಿದ ಬರೆ, ಇನ್ನೊಂದು ಮಗ್ಗುಲಿಗೆ ಅಡಿಕೆ ತೋಟದ ತಗ್ಗು. ಅಂಗಳದಲ್ಲಿ ಬಂಡಿ ತಿರುಗಿಸಲು ಎಡೆಯಿಲ್ಲದಿದ್ದರೆ ಒಳಗೆ ಬರುವಾಗಲೇ ಹಿಮ್ಮುಖವಾಗಿ ಬರಬೇಕು. ಬಂಧುವೊಬ್ಬರು ಮನೆ ಕಟ್ಟಿಸುತ್ತಿದ್ದಾಗ ನಾನು ಕಂಡದ್ದು ಇಂಥದೇ ಓಣಿ.

ಬರಿಯ ಲಾರಿಯನ್ನು ಹಿಂದಕ್ಕೆ ನಡೆಸುವುದು ಅಷ್ಟು ಕಷ್ಟವಲ್ಲ. ಚಕ್ರವನ್ನು ಎತ್ತ ತಿರುಗಿಸಿದರೆ ಅದರ ಹಿಂಭಾಗ ಅತ್ತಲೇ ಸಾಗುತ್ತದೆ. ಕೊಂಡಿಯಿಂದ ಜೋಡಿಸಿದ ಟ್ರೇಲರಿನ ನಡೆ ತದ್ವಿರುದ್ಧ. ಸ್ಟಿಯರಿಂಗನ್ನು ಬಲಕ್ಕೆ ತಿರುಗಿಸಿದರೆ ಟ್ರೇಲರಿನ ಹಿಂತುದಿ ಎಡಕ್ಕೆ ಹೊರಳುತ್ತದೆ. ಹಾಗೆ ಹೊರಳಿದೊಡನೆ ಸ್ಟಿಯರಿಂಗನ್ನು ಮರಳಿಸಿ, ಎಂಜಿನು ಟ್ರೇಲರನ್ನು ಹಿಂಬಾಲಿಸುವಂತೆ ಮಾಡಬೇಕು. ಒಂದು ಕ್ಷಣ ತಡವಾದರೆ ಎರಡೂ ಅಡಕತ್ತರಿಯ ಹಿಡಿಗಳಂತೆ ಮಡಚಿಕೊಳ್ಳುತ್ತವೆ. ಗಿಡ್ಡ ಟ್ರೇಲರು ಬೇಗ ಮಡಚುತ್ತದೆ. ಉದ್ದನೆಯದು ನಿಧಾನವಾಗಿ ಮಾತು ಕೇಳುತ್ತದೆ. ನೋಡಿದವರು ಉದ್ದವಾದದ್ದೇ ಕಷ್ಟವೆಂದು ಭಾವಿಸುವುದು ಸಹಜ. ಎಡೆ ಸಾಕಷ್ಟಿದ್ದರೆ ಕೈಗೆ ಹೆಚ್ಚು ಕಾಟ ಕೊಡುವುದು ಗಿಡ್ಡನೆಯದೇ. ಹೊಸಬರಿಗೆ ಬಲ್ಲವರು ಹೇಳುವ ಸುಲಭೋಪಾಯ ಇದು: ಸ್ಟಿಯರಿಂಗಿನ ಕೆಳಗಂಚನ್ನು ಹಿಡಿದುಕೊಂಡರೆ, ಕೈ ಎತ್ತ ಹೋಗುವುದೋ ಟ್ರೇಲರೂ ಅತ್ತ ಹೋಗುತ್ತದೆ. ಮಡಚಿತೆಂದು ಕಂಡಾಗ ಹಟ ಹಿಡಿಯದೆ ನಿಲ್ಲಿಸಿ, ಮುಂದಕ್ಕೆ ಸಾಗಿ, ನೇರವಾಗಿಸಿ, ಮೊದಲಿನಿಂದ ಆರಂಭಿಸಬೇಕು. ಆ ದಿನ ನಮ್ಮ ಚಾಲಕ ಮೂರು ಸಲ ಹಾಗೆ ಮಾಡಿದ. ನೋಡುತ್ತ ನಿಂತಿದ್ದ ನನಗೆ ಮೂರು ಸಲವೂ ಅವನು ಸೋತಂತೆಯೇ ಕಂಡಿತು.

ಕಲ್ಲಿನ ಹೇರಿನಿಂದಾಗಿ ಅವನಿಗೆ ಹಿಂದಿನದೇನೂ ಕಾಣುತ್ತಿರಲಿಲ್ಲ. ಟ್ರೇಲರಿನ ಹಿಂದೆ ಬರೆಯ ಬದಿಯಲ್ಲಿ ನಿಂತ ಸಹಾಯಕನು, ‘ಬರಡ್, ಬರಡ್’ ಎಂದು ತುಳುವಿನಲ್ಲಿ ಕರೆಯುತ್ತಿದ್ದ. ಬರಲಿ, ಬರಲಿ ಎಂದು ಅರ್ಥ. ನಾನು ತೋಟದ ಬದಿಯಲ್ಲಿದ್ದೆ. ನನ್ನ ಕಡೆ ಇನ್ನೂ ಎರಡಡಿ ಜಾಗ ಉಳಿದಿತ್ತು. ಉಪಕಾರವಾಗಲೆಂದು ನಾನೂ ಗಟ್ಟಿಯಾಗಿ ‘ಬರಲಿ’ ಎಂದೆ. ಅದೇ ಕ್ಷಣದಲ್ಲಿ ಅತ್ತ ಸಹಾಯಕನ ದನಿ ನಿಂತಿತ್ತು. ಟ್ರ್ಯಾಕ್ಟರೂ ತಟಕ್ಕನೆ ನಿಂತಿತು. ಬಳಸಿಕೊಂಡು ಹೋಗಿ ನೋಡಿದೆ: ಆತನ ಕಾಲು ಮಣ್ಣಿನಲ್ಲಿ ಜಾರಿ, ಟ್ರೇಲರಿನ ಹಿಂಬಾಗಿಲಿಗೂ ಬರೆಗೂ ನಡುವೆ ಅವನು ಬೆನ್ನೊತ್ತಿ ನಿಂತಿದ್ದ. ನಡುವಣ ಅಂತರ ಒಂದು ಗೇಣು.

ಚಾಲಕ ಕೆಳಗಿಳಿದು ಬಂದ. ಬೈಯಲಿಲ್ಲ. “ಕರೆಯುವವನು ಒಬ್ಬನೇ ಇರಬೇಕು ಮಾಸ್ಟ್ರೇ. ಅವನ ದನಿ ನಿಂತರೆ ಗಾಡಿಯೂ ನಿಲ್ಲಬೇಕು,” ಎಂದ. ನನ್ನ ಮಾತನ್ನು ಅವನು ನಂಬಿದ್ದರೆ ಏನಾಗುತ್ತಿತ್ತೆಂಬುದನ್ನು ಇಂದಿಗೂ ನಾನು ಪೂರ್ತಿ ಯೋಚಿಸಲಾರೆ.

ಈ ಸೀಮೆಯವರಿಗೆ ಭಾರದ ಬಂಡಿಗಳ ಕಥೆ ಹೊಸದಲ್ಲ. ರೆಂಜಾಳ ಗೋಪಾಲ ಶೆಣೈಯವರು ಕಾರ್ಕಳದಲ್ಲಿ ಕಡೆದ ೩೯ ಅಡಿಯ ಬಾಹುಬಲಿ ೧೯೭೩ರಲ್ಲಿ ಬಹುಚಕ್ರಗಳ ಗಾಡಿಯೇರಿ ಇದೇ ತಾಲೂಕಿನ ಧರ್ಮಸ್ಥಳಕ್ಕೆ ಬಂದ. ಆ ಮುನ್ನಡೆಯನ್ನು ಎಲ್ಲರೂ ನೆನೆಯುತ್ತಾರೆ. ದಿನದಿನದ ಹಿನ್ನಡೆಯನ್ನು ನೆನೆಯುವವರಿಲ್ಲ. ಆದರೂ ಅದಿಲ್ಲದೆ ಇಲ್ಲಿ ಒಂದು ಮನೆಯ ಪಂಚಾಂಗವೂ ಏಳದು. ಘಟ್ಟದ ದಾರಿಯಲ್ಲಿ ಏರುವ ಗಾಡಿಗೆ ಇಳಿಯುವ ಗಾಡಿ ದಾರಿ ಬಿಡಬೇಕೆಂಬುದೇ ನಿಯಮ. ೨೦೧೯ರ ಆಗಸ್ಟಿನಲ್ಲಿ ಗುಡ್ಡ ಕುಸಿದು ಮುಚ್ಚಿಹೋಗಿದ್ದ ಚಾರ್ಮಾಡಿಯಂಥ ಇಕ್ಕಟ್ಟಿನ ಘಾಟಿಯಲ್ಲಿ ಎರಡು ಬಂಡಿಗಳು ಎದುರಾದರೆ, ಒಂದು ಹಿಂದೆ ಸರಿದರಷ್ಟೇ ಎರಡಕ್ಕೂ ದಾರಿ. ೧೯೮೯ರ ಕೇಂದ್ರ ಮೋಟಾರು ವಾಹನ ನಿಯಮಗಳು ಚಾಲನಾ ಪರೀಕ್ಷೆಯಲ್ಲಿ ಹಿಮ್ಮುಖ ನಡೆಯನ್ನೂ ಸೇರಿಸಿದ್ದು ಸುಮ್ಮನೆ ಅಲ್ಲ.

ನಮ್ಮವರು ‘ಸಿಂಹಾವಲೋಕನ’ವೆಂದು ಒಂದು ಮಾತು ಹೇಳುತ್ತಾರೆ. ಸಿಂಹವು ಮುಂದೆ ನಡೆಯುತ್ತ ನಡುನಡುವೆ ತಿರುಗಿ ನೋಡುವುದಂತೆ. ಅದು ತನ್ನ ಕಣ್ಣನ್ನೇ ನಂಬಬಲ್ಲುದು. ತಿರುಗಿ ನೋಡಿದರೂ ಏನೂ ಕಾಣದವನು ಇನ್ನೊಬ್ಬನ ದನಿಯನ್ನು ನಂಬಬೇಕು. ಅದಕ್ಕಿಂತ ಹೆಚ್ಚಾಗಿ, ಆ ದನಿಯ ಮೌನವನ್ನು ಕೇಳಿಸಿಕೊಳ್ಳಬೇಕು.

ನಾಲ್ಕನೆಯ ಸಲ ಟ್ರೇಲರು ನೇರವಾಗಿ ಅಂಗಳ ಸೇರಿತು. ನಾನು ಜಗಲಿಯ ಮೇಲೆ ಬಾಯಿ ಮುಚ್ಚಿಕೊಂಡು ಕುಳಿತಿದ್ದೆ.