ಶೆಲ್ಟರಿನಿಂದ ಬಂದ ನಾಯಿ ಮತ್ತು ಬೀದಿಯ ಉಳಿದ ನಾಯಿಗಳು

ಬೆಂಗಳೂರಿನಂಥ ಊರಿನಲ್ಲಿ ಶೆಲ್ಟರಿನಿಂದ ವಯಸ್ಕ ನಾಯಿಯನ್ನು ದತ್ತು ತಂದವರಿಗೆ ಮೊದಲ ವಾರ ಹೆಚ್ಚಾಗಿ ಸಲೀಸಾಗಿ ಕಳೆಯುತ್ತದೆ. ನಾಯಿ ಮೂಲೆ ಹಿಡಿದು ಮಲಗುತ್ತದೆ, ಹಾಕಿದ್ದನ್ನು ತಿನ್ನುತ್ತದೆ, ಬೊಗಳುವುದೂ ಕಡಿಮೆ. ‘ಎಷ್ಟು ಸಾಧು!’ ಎಂದು ಮನೆಯವರು ಹಿಗ್ಗುತ್ತಾರೆ. ತೊಂದರೆ ಶುರುವಾಗುವುದು ಗೇಟಿನಾಚೆ. ಎದುರು ಮನೆಯ ಲ್ಯಾಬ್ರಡಾರ್ ಕಂಡದ್ದೇ ತಡ, ಬೆಲ್ಟ್ ಜಗ್ಗಿ, ಹಿಂಗಾಲ ಮೇಲೆ ನಿಂತು ಬೀದಿಯೇ ಎದ್ದು ಕೂರುವಂತೆ ಬೊಗಳುತ್ತದೆ. ಆಗ ಅಕ್ಕಪಕ್ಕದವರ ಸಲಹೆ ಒಂದೇ: ‘ನಾಲ್ಕು ನಾಯಿಗಳ ಜೊತೆ ಬಿಡಿ, ತಾನಾಗಿ ಹೊಂದಿಕೊಳ್ಳುತ್ತೆ.’ ಸಂಶೋಧನೆಗಳು ಹೇಳುವುದು ಹೆಚ್ಚುಕಡಿಮೆ ಇದಕ್ಕೆ ತದ್ವಿರುದ್ಧ.

ಮೊದಲ ವಾರದ ಆ ಸಾಧುತನವನ್ನೇ ತೆಗೆದುಕೊಳ್ಳಿ. ಅಮೆರಿಕದ ಮೈಕೆಲ್ ಹೆನ್ನೆಸಿ ಮತ್ತು ಸಂಗಡಿಗರು 1997ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಶೆಲ್ಟರ್ ಸೇರಿದ ಮೊದಲ ಮೂರು ದಿನಗಳಲ್ಲಿ ನಾಯಿಗಳ ರಕ್ತದಲ್ಲಿ ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನು ಮನೆಯ ಸಾಕುನಾಯಿಗಳಿಗಿಂತ ಸುಮಾರು ಮೂರು ಪಟ್ಟು ಇತ್ತು. ಜಾಗ ಬದಲಾದರೆ ನಾಯಿಯ ಮೈ ಹೀಗೆ ಉತ್ತರಿಸುತ್ತದೆ. ಶೆಲ್ಟರಿನಿಂದ ಮನೆಗೆ ಬರುವುದು ನಮ್ಮ ಕಣ್ಣಿಗೆ ಬಿಡುಗಡೆ. ನಾಯಿಗೆ ಅದು ಇನ್ನೊಂದು ಗುರುತಿಲ್ಲದ ಜಾಗ. ಮೂಲೆಯಲ್ಲಿ ಸುಮ್ಮನೆ ಬಿದ್ದಿರುವುದು ಎಷ್ಟೋ ಸಲ ಭಯದಿಂದ, ನೆಮ್ಮದಿಯಿಂದಲ್ಲ. ಹಾಗಾಗಿ ಮೊದಲ ಎರಡು ವಾರ ಬೇರೆ ನಾಯಿಗಳ ಪರಿಚಯ ಮಾಡಿಸುವ ಉಸಾಬರಿಯೇ ಬೇಡ. ಡಿಸ್ಟೆಂಪರ್, ಪಾರ್ವೊ, ಕೆನಲ್ ಕೆಮ್ಮು ಇವ್ಯಾವುವೂ ಅಂಟಿ ಬಂದಿಲ್ಲವೆಂದು ಖಾತ್ರಿಯಾಗಲು, ಲಸಿಕೆ ಪೂರೈಸಲು ಆ ದಿನಗಳು ಹೇಗೂ ಬೇಕು.

ಮರಿಗಳ ಕತೆ ಬೇರೆ. ಅಮೆರಿಕದ ಮೇನ್ ರಾಜ್ಯದ ಬಾರ್ ಹಾರ್ಬರಿನಲ್ಲಿ ಜಾನ್ ಪಾಲ್ ಸ್ಕಾಟ್ ಮತ್ತು ಜಾನ್ ಫುಲ್ಲರ್ ವರ್ಷಗಟ್ಟಲೆ ಮರಿಗಳನ್ನು ಸಾಕಿ, ಗಮನಿಸಿ, 1965ರಲ್ಲಿ ಪುಸ್ತಕವಾಗಿ ಕೊಟ್ಟ ಫಲಿತಾಂಶ ಇಂದಿಗೂ ನಿಂತಿದೆ. ಹುಟ್ಟಿದ ಮೂರನೆಯ ವಾರದಿಂದ ಸುಮಾರು ಹನ್ನೆರಡನೆಯ ವಾರದವರೆಗೆ ಮರಿಯ ಮಿದುಳು ಎದುರಿಗೆ ಬಂದದ್ದನ್ನೆಲ್ಲ ‘ಇದು ಲೋಕದ ಸಹಜ ಭಾಗ’ ಎಂದು ಒಪ್ಪಿಕೊಳ್ಳುತ್ತದೆ. ಆಮೇಲೆ ಹೊಸದನ್ನು ಕಂಡರೆ ಮೊದಲು ಏಳುವುದು ಅನುಮಾನ. ನಾಲ್ಕು ವರ್ಷದ ನಾಯಿಯಲ್ಲಿ ಆ ಅವಧಿ ಮುಗಿದುಹೋಗಿದೆ. ಬೀದಿಯ ಗುಂಪಿನಲ್ಲಿ ಬೆಳೆದ ದೇಸಿ ನಾಯಿಯಾದರೆ ನಾಯಿಗಳ ರೀತಿನೀತಿ ಚೆನ್ನಾಗಿಯೇ ಕಲಿತಿರಬಹುದು. ಮರಿಯಾಗಿದ್ದಾಗಿನಿಂದ ಒಂಟಿಯಾಗಿ ಕಟ್ಟಿಹಾಕಿದ್ದ ನಾಯಿಗೆ ಅದೇನೂ ಗೊತ್ತಿರುವುದಿಲ್ಲ. ಹೀಗಿರುವಾಗ ನಮಗೆ ಉಳಿದಿರುವುದು ಬೇರೂರಿದ ಭಯವನ್ನು ನಿಧಾನವಾಗಿ ಸಡಿಲಿಸುವ ಕೆಲಸ.

ಅದು ಹೇಗೆಂದು ಮೊದಲು ತೋರಿಸಿಕೊಟ್ಟದ್ದು ನಾಯಿಯಲ್ಲ, ಮೂರು ವರ್ಷ ತುಂಬದ ಒಬ್ಬ ಹುಡುಗ. 1924ರಲ್ಲಿ ಮೇರಿ ಕವರ್ ಜೋನ್ಸ್ ಎಂಬ ಮನೋವಿಜ್ಞಾನಿ ಪ್ರಕಟಿಸಿದ ಲೇಖನದಲ್ಲಿ ಅವನ ಹೆಸರು ಪೀಟರ್. ಮೊಲ ಕಂಡರೆ ಕಿರುಚಿಕೊಳ್ಳುತ್ತಿದ್ದ. ಮೊಲಕ್ಕೆ ಹೆದರದ ಮಕ್ಕಳ ಜೊತೆ ಅವನನ್ನು ದಿನವೂ ಆಡಲು ಬಿಟ್ಟು, ಅಲ್ಲೇ ಮೊಲವನ್ನೂ ಇಟ್ಟರು. ದಿನೇ ದಿನೇ ಧೈರ್ಯ ಬಂತು. ಅಷ್ಟರಲ್ಲಿ ಕಾಯಿಲೆ ಬಿದ್ದು ಆಸ್ಪತ್ರೆ ಸೇರಿದ. ವಾಪಸು ಬರಲು ಟ್ಯಾಕ್ಸಿ ಹತ್ತುವಾಗ ದೊಡ್ಡದೊಂದು ನಾಯಿ ಮೈಮೇಲೆ ಹಾರಿತು. ಭಯ ಮೊದಲಿನ ಮಟ್ಟಕ್ಕೇ ಮರಳಿತು, ಮೊಲದ ಭಯವೂ ಸೇರಿ. ಆಗ ಜೋನ್ಸ್ ಹೊಸ ದಾರಿ ಹಿಡಿದರು. ಪೀಟರ್ ಕುರ್ಚಿಯಲ್ಲಿ ಕೂತು ತನಗಿಷ್ಟವಾದ ತಿಂಡಿ ತಿನ್ನುತ್ತಿರುವಾಗ ಪಂಜರದ ಮೊಲವನ್ನು ತರುವುದು. ಅವನು ತಿನ್ನುವುದನ್ನು ನಿಲ್ಲಿಸದಷ್ಟು ದೂರದಲ್ಲೇ ಇಡುವುದು. ದಿನ ಕಳೆದಂತೆ ಸ್ವಲ್ಪ ಸ್ವಲ್ಪ ಹತ್ತಿರ. ಕೊನೆಗೆ ಮೊಲ ಬೆರಳನ್ನು ಮೆಲ್ಲಗೆ ಕಚ್ಚಿದರೂ ಹುಡುಗ ಸುಮ್ಮನಿದ್ದ.

ನಾಯಿ ತರಬೇತಿಯ ಮುಖ್ಯ ಪಾಠಗಳೆಲ್ಲ ಈ ಕತೆಯಲ್ಲೇ ಇವೆ. ಕೆಟ್ಟದೊಂದು ಭೇಟಿ ವಾರಗಟ್ಟಲೆ ದುಡಿದದ್ದನ್ನು ಅಳಿಸಿಹಾಕಬಲ್ಲದು. ಹೆದರದ ಜೊತೆಗಾರ ಇದ್ದರೆ ಒಳ್ಳೆಯದು. ನೆರೆಮನೆಯಲ್ಲಿ ಗಂಭೀರ ಸ್ವಭಾವದ ವಯಸ್ಸಾದ ನಾಯಿ ಇದ್ದರೆ ಅದೇ ಮೊದಲ ಪರಿಚಯಕ್ಕೆ ತಕ್ಕದ್ದು. ಎಲ್ಲಕ್ಕಿಂತ ಮಿಗಿಲಾಗಿ, ದೂರವನ್ನು ಅಳೆಯುವ ಕೋಲು ತಿಂಡಿ. ಬೇಯಿಸಿದ ಕೋಳಿಯ ಚೂರನ್ನೋ ಪನೀರನ್ನೋ ನಿಮ್ಮ ನಾಯಿ ಎಲ್ಲಿಯವರೆಗೆ ಬಾಯಿಗೆ ಹಾಕಿಕೊಳ್ಳುತ್ತದೋ ಅಲ್ಲಿಯವರೆಗೆ ಅದರ ಮಿದುಳು ಕಲಿಯಲು ಸಿದ್ಧ. ಮೂಸಿಯೂ ನೋಡದೆ ಆಚೆ ನಾಯಿಯನ್ನೇ ದಿಟ್ಟಿಸುತ್ತಿದ್ದರೆ ನೀವು ತೀರ ಹತ್ತಿರ ಹೋಗಿದ್ದೀರಿ, ಹಿಂದೆ ಸರಿಯಿರಿ. ಅನುಕ್ರಮವನ್ನೂ ಮರೆಯಬಾರದು: ಮೊದಲು ಬೇರೆ ನಾಯಿ ಕಾಣಬೇಕು, ಆಮೇಲೆ ತಿಂಡಿ. ತಿರುಗುಮುರುಗಾದರೆ ತಿಂಡಿಯ ಪೊಟ್ಟಣ ತೆಗೆದದ್ದೇ ಅಪಾಯದ ಸೂಚನೆಯಾಗಿಬಿಡುತ್ತದೆ.

ಬೆಲ್ಟು ಹಾಕಿದ ಎರಡು ನಾಯಿಗಳನ್ನು ಮುಖಾಮುಖಿ ನಿಲ್ಲಿಸಿ ‘ಹಾಯ್ ಹೇಳು’ ಎನ್ನುವ ಪದ್ಧತಿ ನನಗೆ ಕಂಡಂತೆ ಅತ್ಯಂತ ಕೆಟ್ಟದ್ದು. ಜೆಕ್ ದೇಶದ ಬ್ರ್ನೋದಲ್ಲಿ ವಾಕಿಂಗ್ ಬಂದ ನಾಯಿಗಳನ್ನು ಗಮನಿಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬೆಲ್ಟಿನಲ್ಲಿದ್ದಾಗ ನಾಯಿಗಳು ಒಂದನ್ನೊಂದು ಬೆದರಿಸುವುದು ಸುಮಾರು ಎರಡು ಪಟ್ಟು ಹೆಚ್ಚಿತ್ತು. ತಮ್ಮ ಪಾಡಿಗೆ ಬಿಟ್ಟ ನಾಯಿಗಳು ಬಳಸು ದಾರಿಯಲ್ಲಿ ಬಂದು ಪಕ್ಕದಿಂದ, ಹಿಂದಿನಿಂದ ಮೂಸುತ್ತವೆ. ಬಿಗಿಯಾದ ಬೆಲ್ಟು ಅದಕ್ಕೆ ಅವಕಾಶ ಕೊಡದು, ಓಡಿಹೋಗಲೂ ಬಿಡದು. ಇದರ ಬದಲು ರಸ್ತೆಯ ಆ ಕಡೆ ಒಬ್ಬರು, ಈ ಕಡೆ ಒಬ್ಬರು ಒಂದೇ ದಿಕ್ಕಿಗೆ ನಡೆಯಿರಿ. ಎರಡೂ ನಾಯಿಗಳು ನೆಲ ಮೂಸುತ್ತ ಹೋಗುವಂತಾದ ಮೇಲೆ ಅಂತರ ತಗ್ಗಿಸಿ. ಕೊನೆಗೆ ಎರಡು ಮೂರು ಸೆಕೆಂಡು ಮೂಸಲು ಬಿಟ್ಟು ಕರೆದುಕೊಳ್ಳಿ.

ಬಾಲ ಅಲ್ಲಾಡಿತೆಂದು ಮೋಸಹೋಗಬೇಡಿ. ಇಟಲಿಯ ವಿಜ್ಞಾನಿಗಳು 2007ರಲ್ಲಿ ತೋರಿಸಿದಂತೆ, ಒಡೆಯನನ್ನು ಕಂಡ ನಾಯಿಯ ಬಾಲ ಬಲಕ್ಕೆ ಹೆಚ್ಚು ವಾಲುತ್ತದೆ, ಜೋರಿನ ಅಪರಿಚಿತ ನಾಯಿಯನ್ನು ಕಂಡರೆ ಎಡಕ್ಕೆ. ಬೀದಿಯಲ್ಲಿ ನಿಂತು ಎಡಬಲ ಎಣಿಸಲಾಗದು, ನಿಜ. ಇಡೀ ಮೈ ನೋಡಿ: ಬಿಗಿದ ಮೈ, ಮೇಲೆತ್ತಿದ ಬಾಲದ ತುದಿಯಷ್ಟೇ ಪಟಪಟನೆ ಅಲ್ಲಾಡುವುದು ಜಗಳದ ಮುನ್ಸೂಚನೆ. ಮುಂಗಾಲು ಚಾಚಿ ಹಿಂಭಾಗ ಮೇಲೆತ್ತಿದರೆ ಆಟದ ಆಹ್ವಾನ. ತಲೆ ಒದರುತ್ತ ಕಚ್ಚುವ ಆಟದ ಆಚೀಚೆ ನಾಯಿಗಳು ಹೀಗೆ ಬಾಗಿ ‘ಇದು ಆಟವೇ’ ಎಂದು ಖಾತರಿಪಡಿಸಿಕೊಳ್ಳುತ್ತವೆ ಎಂಬುದನ್ನು ಮಾರ್ಕ್ ಬೆಕಾಫ್ 1995ರಲ್ಲಿ ದಾಖಲಿಸಿದರು.

ಗುರ್ ಎಂದರೆ ಹೊಡೆಯಬೇಡಿ. ‘ಯಜಮಾನ ಯಾರೆಂದು ತೋರಿಸಿ’ ಎಂಬ ಉಪದೇಶ ಮೂಲತಃ ಕೂಡಿಹಾಕಿದ ತೋಳಗಳನ್ನು ನೋಡಿ ಹುಟ್ಟಿದ್ದು. ತೋಳಗಳ ಆ ‘ಯಜಮಾನ’ ಕಲ್ಪನೆಯನ್ನು ಜನಪ್ರಿಯಗೊಳಿಸಿದ ತೋಳತಜ್ಞ ಡೇವಿಡ್ ಮೆಕ್ ತಾವೇ 1999ರಲ್ಲಿ ಅದನ್ನು ತಿದ್ದಿಕೊಂಡರು. ಮೆಗನ್ ಹೆರಾನ್ ಅವರ 2009ರ ಸಮೀಕ್ಷೆಯಲ್ಲಿ, ನಾಯಿಗೆ ಹೊಡೆದ ಅಥವಾ ಒದ್ದ ಮಾಲೀಕರಲ್ಲಿ ಶೇ. 43 ಮಂದಿಯ ಮೇಲೆ ನಾಯಿ ತಿರುಗಿಬಿದ್ದಿತ್ತು. ಗುರ್ ಎನ್ನುವುದು ಎಚ್ಚರಿಕೆ. ಅದನ್ನು ಅಡಗಿಸಿದರೆ ಉಳಿಯುವುದು ಎಚ್ಚರಿಕೆಯಿಲ್ಲದ ಕಡಿತ.

ಪಶ್ಚಿಮದ ಪುಸ್ತಕಗಳು ಹೇಳದ ಒಂದು ತೊಡಕು ನಮ್ಮಲ್ಲಿದೆ. 2023ರ ಗಣತಿಯಂತೆ ಬೆಂಗಳೂರಿನಲ್ಲಿ ಸುಮಾರು 2.79 ಲಕ್ಷ ಬೀದಿನಾಯಿಗಳು. ಪ್ರತಿ ತಿರುವಿನಲ್ಲೂ ಗಡಿ ಕಾಯುವ ಒಂದು ಗುಂಪು ಇರುವಾಗ ದೂರ ಕಾಪಾಡುವುದು ಎಲ್ಲಿ? ಬೀದಿ ಖಾಲಿ ಇರುವ ಹೊತ್ತು ಹುಡುಕಿ, ಒಂದೇ ಸಣ್ಣ ದಾರಿಯಲ್ಲಿ ನಡೆಸಿ, ತಾರಸಿಯಲ್ಲಿ ಅಭ್ಯಾಸ ಮಾಡಿಸಿ. ನಿಮ್ಮ ಬೀದಿಯ ಗುಂಪಿಗೆ ನಾಯಿಯ ವಾಸನೆ ಪರಿಚಯವಾಗಲು ಕೆಲವು ವಾರ ಬೇಕು. ಅವು ಬೊಗಳುತ್ತ ಬಂದರೆ ಓಡಬೇಡಿ; ನಿಧಾನವಾಗಿ ಅವುಗಳ ಗಡಿ ದಾಟಿ. ಈ ಹಿಂದೆ ಬೇರೆ ನಾಯಿಯನ್ನು ಗಾಯಗೊಳಿಸಿದ ನಾಯಿಯಾದರೆ ಬಾಯಿಕುಕ್ಕೆಯ ಅಭ್ಯಾಸ ಮಾಡಿಸಿ, ಪಶುವೈದ್ಯರ ಸಲಹೆ ಪಡೆಯಿರಿ.

ಎರಡು ಮೂರು ವರ್ಷ ದಾಟಿದ ಎಷ್ಟೋ ನಾಯಿಗಳಿಗೆ ಅಪರಿಚಿತ ನಾಯಿಗಳ ಒಡನಾಟ ಬೇಕೆನಿಸುವುದೇ ಇಲ್ಲ, ಅದು ರೋಗವಲ್ಲ. ಇನ್ನೊಂದು ನಾಯಿಯನ್ನು ನೋಡಿ, ನಿಮ್ಮತ್ತ ತಿರುಗಿ, ತನ್ನ ಪಾಡಿಗೆ ನಡೆದರೆ ಸಾಕು, ನಿಮ್ಮ ಕೆಲಸ ಆದಂತೆಯೇ. ಪಾರ್ಕಿನಲ್ಲಿ ಯಾರಾದರೂ ‘ನಮ್ಮದು ಏನೂ ಮಾಡಲ್ಲ’ ಎನ್ನುತ್ತ ಬೆಲ್ಟ್ ಬಿಚ್ಚಿದ ನಾಯಿಯನ್ನು ಹತ್ತಿರ ಬಿಟ್ಟರೆ, ‘ನಮ್ಮದಕ್ಕೆ ಬೇಡ, ದಯವಿಟ್ಟು ಹಿಡಿದುಕೊಳ್ಳಿ’ ಎನ್ನಲು ಸಂಕೋಚಪಡಬೇಡಿ.