ತಾಳವೆಂಬ ಊರುಗೋಲು



ತೀವ್ರ ನಿಗಾ ಘಟಕದಿಂದ ರೋಗಿ ಹೊರಬಂದೊಡನೆ ಗಂಡಾಂತರ ಕಳೆಯಿತೆಂದು ಮನೆಯವರು ನಿಟ್ಟುಸಿರು ಬಿಡುವುದು ಸಹಜ. ಆದರೆ ಹಲವು ದಿನ ಉಸಿರಾಟದ ಯಂತ್ರದ ಆಸರೆಯಲ್ಲಿದ್ದವರಿಗೆ ಹಾಸಿಗೆಯಿಂದೆದ್ದು ಬಚ್ಚಲುಮನೆ ತಲುಪುವುದೇ ಬೆಟ್ಟವೇರಿದಂತೆ. ಇದು ಸೋಮಾರಿತನವಲ್ಲ, ಅಧೈರ್ಯವೂ ಅಲ್ಲ. ತೀವ್ರ ಕಾಯಿಲೆ ಮತ್ತು ಅಲುಗಾಡದ ಶಯನ ಇವೆರಡೂ ಸೇರಿದಾಗ ದೇಹವು ತನ್ನ ಸ್ನಾಯುವನ್ನೇ ಕರಗಿಸಿಕೊಳ್ಳುತ್ತದೆ. 2013ರಲ್ಲಿ ಲಂಡನ್ನಿನ ವೈದ್ಯರು ಪ್ರಕಟಿಸಿದ ಅಧ್ಯಯನದಲ್ಲಿ ಇಂಥ ರೋಗಿಗಳ ತೊಡೆಯ ಸ್ನಾಯುವೊಂದರ ಅಡ್ಡಳತೆಯು ಹತ್ತೇ ದಿನಗಳಲ್ಲಿ ಸರಾಸರಿ ಶೇಕಡಾ 17ಕ್ಕೂ ಮಿಗಿಲಾಗಿ ಕುಗ್ಗಿತ್ತು.

ಕಳೆದುಹೋದ ಬಲವನ್ನು ಮರಳಿ ತರುವುದು ಚಲನೆಯೇ. ಉಸಿರಾಟದ ಯಂತ್ರದಲ್ಲಿದ್ದ 104 ಮಂದಿಯನ್ನು ಕುರಿತು 2009ರಲ್ಲಿ ಅಮೆರಿಕದಿಂದ ಬಂದ ವರದಿಯಂತೆ, ಬೇಗನೆ ವ್ಯಾಯಾಮ ಆರಂಭಿಸಿದವರಲ್ಲಿ ಶೇಕಡಾ 59 ಮಂದಿ ಆಸ್ಪತ್ರೆ ಬಿಡುವಾಗ ಸ್ವಾವಲಂಬಿಗಳಾಗಿದ್ದರು. ಉಳಿದವರಲ್ಲಿ ಶೇಕಡಾ 35 ಮಾತ್ರ. ನಮ್ಮ ಮನೆಗಳಲ್ಲಾದರೋ "ಏಳಬೇಡಿ, ಕೂತಲ್ಲಿಗೇ ತಂದುಕೊಡುತ್ತೇವೆ" ಎನ್ನುವುದೇ ಪ್ರೀತಿಯ ಲಕ್ಷಣ! ಇಲ್ಲಿ ಕುವೈತಿನಲ್ಲಿ ನಮ್ಮ ಅಕಾಮಾ ನೌಕರಿಗೆ ಅಂಟಿಕೊಂಡಿದೆ. ನಡೆಯುವ ಶಕ್ತಿ ತಡವಾಗಿ ಬಂದರೆ ಸಂಸಾರದ ನೆಲೆಯೇ ಅಲುಗುತ್ತದೆ.

ವ್ಯಾಯಾಮ ಹೇಳಿಕೊಡುವುದು ಸುಲಭ. ಬಳಲಿದವರು ಅದನ್ನು ದಿನದಿನವೂ ಮಾಡುವುದು ಕಷ್ಟ. ಇಲ್ಲಿಯೇ ಸಂಗೀತ ನೆರವಿಗೆ ಬರುವುದು. ಲಯವನ್ನು ಕೇಳಿದಾಗ ಮಿದುಳಿನ ಚಲನಕೇಂದ್ರಗಳು ಮುಂದಿನ ಪೆಟ್ಟನ್ನು ನಿರೀಕ್ಷಿಸುತ್ತ ತಾವಾಗಿಯೇ ಸಜ್ಜುಗೊಳ್ಳುತ್ತವೆ. ಈ ಗುಟ್ಟು ನಮ್ಮ ಹೆಣ್ಣುಮಕ್ಕಳಿಗೆ ಎಂದೋ ತಿಳಿದಿತ್ತು. ಬೀಸುವ ಪದ, ಕುಟ್ಟುವ ಪದಗಳು ಹುಟ್ಟಿದ್ದೇ ಹಾಗೆ. ಈ ಕುವೈತಿನ ಮುತ್ತಿನ ಹಡಗುಗಳಲ್ಲಿಯೂ 'ನಹ್ಹಾಮ್' ಎಂಬ ಹಾಡುಗಾರನಿರುತ್ತಿದ್ದನು. ಅವನ ದನಿಗೆ ನಾವಿಕರು ಒಟ್ಟಾಗಿ ಹಾಯಿ ಎಳೆಯುತ್ತಿದ್ದರು, ಹುಟ್ಟು ಹಾಕುತ್ತಿದ್ದರು. 1990ರ ದಶಕದಲ್ಲಿ ಕೊಲರಾಡೋ ಸ್ಟೇಟ್ ವಿಶ್ವವಿದ್ಯಾಲಯದ ಮೈಕೆಲ್ ಥಾಟ್ ಮತ್ತು ಸಂಗಡಿಗರು ಪಾರ್ಶ್ವವಾಯು ಹಾಗೂ ಪಾರ್ಕಿನ್ಸನ್ ರೋಗಿಗಳಲ್ಲಿ ಇದನ್ನು ಅಳೆದು ನೋಡಿದರು: ಲಯಕ್ಕೆ ನಡೆದವರ ವೇಗವೂ ಹೆಜ್ಜೆಯ ಅಂತರವೂ ಹೆಚ್ಚಿದವು. ನಿಗಾ ಘಟಕದಿಂದ ಬಂದವರಿಗೆ ಇದನ್ನು ಅನ್ವಯಿಸುವುದು ಈಚಿನ ಪ್ರಯತ್ನ. ಇಂಥ ರಾಗಕ್ಕೆ ಇಂಥ ರೋಗ ವಾಸಿ ಎಂಬ ಮಾತಿಗೂ ಇದಕ್ಕೂ ಸಂಬಂಧವಿಲ್ಲ. ಇಲ್ಲಿ ಕೆಲಸ ಮಾಡುವುದು ರಾಗಕ್ಕಿಂತ ತಾಳ.

ವೈದ್ಯರ ಮತ್ತು ಫಿಸಿಯೋಥೆರಪಿಸ್ಟರ ಒಪ್ಪಿಗೆ ಪಡೆದು ಕುರ್ಚಿಯಿಂದ ಆರಂಭಿಸಬಹುದು. ಆದಿತಾಳದ ಲಘುವಿನ ನಾಲ್ಕು ಅಕ್ಷರಗಳಿಗೆ ಮೊಣಕಾಲನ್ನು ನೀಡಿ, ಎರಡು ದ್ರುತಗಳ ನಾಲ್ಕು ಅಕ್ಷರಗಳಿಗೆ ಇಳಿಸುವುದು. ಅನಂತರ ಇನ್ನೊಂದು ಕಾಲು. ಎಣಿಕೆಯನ್ನು ಬಾಯಿಬಿಟ್ಟು ಹೇಳಬೇಕು. ಇದರಿಂದ ಉಸಿರು ಬಿಗಿಹಿಡಿಯುವುದು ತಪ್ಪುತ್ತದೆ. ಎಣಿಸಲಾರದಷ್ಟು ಏದುಸಿರು ಬಂದರೆ ನಿಲ್ಲಿಸಬೇಕೆಂದೂ ತಿಳಿಯುತ್ತದೆ. ತಲೆಸುತ್ತು, ಎದೆನೋವು ಕಂಡರಂತೂ ಕೂಡಲೇ ನಿಲ್ಲಿಸಿ ವೈದ್ಯರಿಗೆ ತಿಳಿಸತಕ್ಕದ್ದು.

ನಡಿಗೆಗೆ ನಮ್ಮ ಬೇಸಿಗೆಯಲ್ಲಿ ಬೀದಿ ಸಲ್ಲದು. ಮಿತ್ರಿಬಾದಲ್ಲಿ 2016ರ ಜುಲೈನಲ್ಲಿ 53.9 ಡಿಗ್ರಿ ದಾಖಲಾಯಿತಷ್ಟೆ! ಫ್ಲ್ಯಾಟಿನ ನಡುಮನೆ, ಕಾರಿಡಾರುಗಳೇ ಸಾಕು, ಪಕ್ಕದಲ್ಲೊಬ್ಬರಿರಬೇಕು. ಮೊದಲು ರೋಗಿ ತನ್ನಷ್ಟಕ್ಕೆ ನಡೆದಾಗ ನಿಮಿಷಕ್ಕೆಷ್ಟು ಹೆಜ್ಜೆಯೆಂದು ಎಣಿಸಿಕೊಳ್ಳಿ. 60 ಆದರೆ, ಅದೇ ಗತಿಯ ಹಾಡನ್ನು ಆಯ್ದುಕೊಳ್ಳಿ. ಅದು ಸಲೀಸಾದ ಮೇಲೆ 63. ದೇವರನಾಮವಾದೀತು, ಹಳೆಯ ಚಿತ್ರಗೀತೆಯೂ ಆದೀತು, ರೋಗಿಗೆ ಇಷ್ಟವಾದುದಿರಲಿ. ತಾಳವಿಲ್ಲದ ಆಲಾಪನೆ ವಿಶ್ರಾಂತಿಗೆ ಒಳ್ಳೆಯದು, ಹೆಜ್ಜೆಗಲ್ಲ. ಭಜನೆಯಲ್ಲಿ ಕೊನೆಕೊನೆಗೆ ವೇಗ ಏರಿಸುವ ನಮ್ಮ ವಾಡಿಕೆ ಇಲ್ಲಿ ಅಪಾಯಕರ. ಉತ್ಸಾಹಕ್ಕೆ ಕಾಲು ಮುಗ್ಗರಿಸೀತು.

ಮನೆಯಲ್ಲಿ ಸಂಗೀತ ಕಲಿಯುವ ಮಕ್ಕಳಿದ್ದರೆ ಮೊಬೈಲನ್ನು ಬದಿಗಿಟ್ಟು ಅವರಿಂದಲೇ ಸರಳೆ ವರಸೆ ಹಾಡಿಸಬಹುದು. ಎರಡನೆಯ ಕಾಲದಲ್ಲಿ ಸ್ವರಗಳು ಇಮ್ಮಡಿಯಾದರೂ ತಾಳದ ಗತಿ ಬದಲಾಗದು. ಆದುದರಿಂದ ಅಜ್ಜನೋ ಅಜ್ಜಿಯೋ ಮಗುವಿನ ಕೈಯನ್ನೇ ನೋಡುತ್ತ ಹೆಜ್ಜೆಯಿಡಲಿ.