ಚೌಕಟ್ಟಿನ ಅಂದಾಜುಪಟ್ಟಿ: ರಂದಾದಡಿ ಕರಗುವ ಲಾಭ

ರವಿವಾರ ಪೇಟೆಯಂತಹ ಹಳೆಯ ವ್ಯಾಪಾರಿ ಓಣಿಗಳಲ್ಲಿ ಮಳಿಗೆಯನ್ನು ನವೀಕರಿಸುವವರಿಗೆ ಸಿದ್ಧ ಬಾಗಿಲು ಹೊಂದುವುದು ವಿರಳ. ಹಳೆಯ ಗೋಡೆಗಳು ಮೂಲೆಮಟ್ಟಕ್ಕೆ ಸಿಗುವುದಿಲ್ಲ. ಒಂದು ಬದಿಯ ಎತ್ತರ ಇನ್ನೊಂದಕ್ಕಿಂತ ಅರ್ಧ ಇಂಚು ಹೆಚ್ಚಿದ್ದರೂ ಕಾರ್ಖಾನೆಯ ಬಾಗಿಲು ಕೂಡದು. ಆದುದರಿಂದಲೇ ಅಳತೆಗೆ ತಕ್ಕಂತೆ ಚೌಕಟ್ಟು, ಕಿಟಕಿ, ಗಲ್ಲಾಪೆಟ್ಟಿಗೆಗಳನ್ನು ಮಾಡಿಕೊಡುವ ಸಣ್ಣ ಬಡಗಿ ಕಾರ್ಯಾಗಾರಗಳಿಗೆ ಇಂದಿಗೂ ಬೇಡಿಕೆಯಿದೆ. ಆದರೆ ಕೆಲಸವಿದ್ದೂ ಲಾಭ ಉಳಿಯದ ಪ್ರಸಂಗಗಳುಂಟು. ಅದಕ್ಕೆ ಕಾರಣವನ್ನು ಬಹುಮಟ್ಟಿಗೆ ಅಂದಾಜುಪಟ್ಟಿಯಲ್ಲೇ ಹುಡುಕಬೇಕು.

ಒಂದು ಲೆಕ್ಕವನ್ನು ಪರಿಶೀಲಿಸೋಣ. ಹೊಸ್ತಿಲು ಸಹಿತ 7 ಅಡಿ ಎತ್ತರ, ಮೂರೂವರೆ ಅಡಿ ಅಗಲದ ಚೌಕಟ್ಟಿಗೆ ಒಟ್ಟು 21 ಅಡಿ ಉದ್ದದ ಮರ ಬೇಕು. ಅದರ ಅಡ್ಡಳತೆ 5 ಇಂಚು ಮತ್ತು 3 ಇಂಚು ಎಂದಿಟ್ಟುಕೊಂಡರೆ, 21ನ್ನು 15ರಿಂದ ಗುಣಿಸಿ 144ರಿಂದ ಭಾಗಿಸಿದಾಗ ಸುಮಾರು 2.19 ಘನ ಅಡಿ ಬರುತ್ತದೆ. ಗ್ರಾಹಕರು ಅಳೆದು ನೋಡುವುದು ಇದನ್ನೇ. ಆದರೆ ರಂದಾ ಹೊಡೆದ ಮೇಲೆ 5 ಮತ್ತು 3 ಇಂಚು ಉಳಿಯಬೇಕಾದರೆ, ಕೊಯ್ದ ಮರ ಎರಡೂ ಕಡೆ ಕಾಲು ಇಂಚು ಹೆಚ್ಚಿರಬೇಕು. ಆಗ ಬಳಕೆಯಾಗುವ ಮರ 2.49 ಘನ ಅಡಿ. ಇವೆರಡರ ನಡುವಿನ ಅಂತರ ಶೇ. 13ಕ್ಕೂ ಅಧಿಕ! ಗಂಟು, ಬಿರುಕುಗಳಿಗಾಗಿ ಕತ್ತರಿಸಿ ತೆಗೆದ ತುಂಡುಗಳು ಇದರಲ್ಲಿ ಸೇರಿಲ್ಲ. ಸಾಗವಾನಿಯಂತಹ ದುಬಾರಿ ಮರದಲ್ಲಿ ಈ ಅಂತರವನ್ನು ಯಾರು ಭರಿಸಬೇಕೆಂಬುದು ಮೊದಲೇ ಬರಹದಲ್ಲಿರದಿದ್ದರೆ ಜಗಳ ಖಚಿತ. ‘ಅಳತೆ ರಂದಾದ ಮೊದಲಿನದು’ ಅಥವಾ ‘ರಂದಾದ ನಂತರದ್ದು’ ಎಂಬ ಒಂದೇ ಸಾಲು ಸಾಕು. ಎರಡನೆಯ ಪದ್ಧತಿಯಲ್ಲಿ ಘನ ಅಡಿಯ ದರ ಹೆಚ್ಚಿರುವುದು ಸಹಜವೆಂಬುದನ್ನು ಗ್ರಾಹಕರೂ ಮನಗಾಣಬೇಕು. ಚೇಗಿನ ಮರ ಮಾತ್ರವೋ, ಹೊರಗಿನ ಬಿಳಿ ಮರವೂ ಸೇರಿದೆಯೋ ಎಂಬುದನ್ನೂ ಬರೆಯುವುದೊಳಿತು. ಸಾಗವಾನಿಯಲ್ಲಿಯೂ ಬಿಳಿ ಭಾಗಕ್ಕೆ ಹುಳುವಿನ ಬಾಧೆ ತಪ್ಪಿದ್ದಲ್ಲ.

ಇನ್ನು ತೇವಾಂಶ. ಖಾನಾಪುರದ ಪಶ್ಚಿಮಕ್ಕೆ, ಜಾಂಬೋಟಿ-ಕಣಕುಂಬಿಯ ಕಡೆ, ಸಹ್ಯಾದ್ರಿಯ ಮಳೆ ಬಿರುಸು, ಬೇಸಿಗೆಯಲ್ಲಾದರೋ ಒಣಹವೆ. ಮರದ ತೇವಾಂಶ ಶೇ. 16ರಿಂದ ಶೇ. 10ಕ್ಕೆ ಇಳಿದರೆ 12 ಇಂಚು ಅಗಲದ ಸಾಗವಾನಿ ಹಲಗೆ ಸುಮಾರು 3 ಮಿ.ಮೀ. ಕುಗ್ಗಬಲ್ಲದು. ಉದ್ದದಲ್ಲಿ ಈ ಬದಲಾವಣೆ ನಗಣ್ಯ, ಅಗಲದಲ್ಲಿಯೇ ಎಲ್ಲ ತೊಂದರೆ. ಬಾಗಿಲಿನ ಒಳಹಲಗೆಗೆ ಸರೇಸು ಹಚ್ಚದೆ ತೋಡಿನಲ್ಲಿ ಸಡಿಲವಾಗಿ ಬಿಡುವ ಹಿರಿಯರ ಪದ್ಧತಿಗೆ ಇದೇ ಕಾರಣ. ಮರವನ್ನು ಒಣಗಿಸಲು ಬೇಕಾದ ವಾರಗಳನ್ನು ಅವಸರದ ಗ್ರಾಹಕರು ಒಪ್ಪುವುದಿಲ್ಲ. ಆ ಅವಧಿಯನ್ನೂ ಅಂದಾಜುಪಟ್ಟಿಯಲ್ಲಿ ನಮೂದಿಸಿದರೆ ಮಳೆಗಾಲದಲ್ಲಿ ಬಾಗಿಲು ಬಿಗಿದಾಗ ದೂರು ಬರುವುದು ತಗ್ಗುತ್ತದೆ.

ಕಡೆಯದಾಗಿ ಕಾಗದಪತ್ರ. ಕರ್ನಾಟಕ ಅರಣ್ಯ ಅಧಿನಿಯಮ, 1963ರ ಮೇರೆಗೆ ದುಂಡು ನಾಟಾ ಕೊಯ್ಯುವ ಸಾಮಿಲ್ಲಿಗೆ ಪರವಾನಿಗೆ ಅಗತ್ಯ, ನಾಟಾ ಸಾಗಣೆಗೆ ರಹದಾರಿ ಅಗತ್ಯ. ಕೊಯ್ದ ಮರವನ್ನೇ ಖರೀದಿಸುವ ಕಾರ್ಯಾಗಾರದವರು ಸಾಮಿಲ್ಲಿನ ಬಿಲ್ಲನ್ನು ಪ್ರತಿ ಕೆಲಸದ ಕಡತದಲ್ಲಿ ಇಟ್ಟುಕೊಳ್ಳತಕ್ಕದ್ದು. ಬಿಲ್ಲು ಘನ ಮೀಟರಿನಲ್ಲಿದ್ದರೆ ಒಂದು ಘನ ಮೀಟರಿಗೆ 35.3 ಘನ ಅಡಿಯಂತೆ ಪರಿವರ್ತಿಸಿ ಅಂದಾಜುಪಟ್ಟಿಯೊಡನೆ ತಾಳೆ ನೋಡಬಹುದು.